ಎಕ್ಸಿಲೇಟರ್ ಕೆಳಗಿನ ಲಿಂಬೆಹಣ್ಣು

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರು ಸಂಜೆ ಮಿರ್ಚಿ ಭಜಿ ಕರಿಯುವ ವಾಸನೆ ಎದ್ದರೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ಒಂದು ಲಾರಿ ನೆನಪಾಗುತ್ತದೆ. ಆ ಲಾರಿ ನಮ್ಮ ಓಣಿಯಲ್ಲಿ ಹಾಯ್ದು ಹೋದರೆ ಸಾಕು, ಇವತ್ತು ಯಾರ ಮನೆಯಲ್ಲಪ್ಪಾ ಭಜಿ ಎಂದು ಅಕ್ಕಪಕ್ಕದವರು ಬಾಗಿಲಿಗೆ ಬರುತ್ತಿದ್ದರು. ಬಂದವರಿಗೆ ಕಾಣುತ್ತಿದ್ದದ್ದು ಲಾರಿಯ ಬೆನ್ನು, ಮತ್ತು ಅದರ ಹಿಂದೆ ಬಹಳ ಆಸೆಯಿಂದ ಓಡುತ್ತಿದ್ದ ಮೂರು ನಾಯಿಗಳು.

ಆ ಲಾರಿ ಓಡಿಸುತ್ತಿದ್ದವರು ನಮ್ಮ ಪಕ್ಕದ ಮನೆಯ ಕಾಕಾ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಈಗ ಎಲ್ಲಿದ್ದಾರೋ ಅಲ್ಲಿಂದಲೇ "ಅಕ್ಕಾರ, ನನ್ನ ಎವರೇಜ್ ಸುದ್ದಿ ಬುಕ್ಕಿನ್ಯಾಗ ಹಾಕಿದ್ರೇನು?" ಎಂದು ಜಗಳಕ್ಕೆ ಬಂದಾರು. ಒಂದು ಲೀಟರ್ ಡೀಸೆಲ್ಲಿಗೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದಕ್ಕೆ ಲಾರಿಯವರು ಎವರೇಜ್ ಎನ್ನುತ್ತಾರೆ. ಉಳಿದವರಿಗೆ ಮಾನ ಮರ್ಯಾದೆ ಏನೋ, ಕಾಕಾನಿಗೆ ಎವರೇಜ್ ಅದು.

ನಾನು ಕಿತ್ತೂರಿನವಳು. ತೊಂಬತ್ತರ ದಶಕದ ಮೊದಲಲ್ಲಿ ಬೈಲಹೊಂಗಲದ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದಾಗ ನನ್ನ ಸಾಮಾನು ಹೊತ್ತು ತಂದದ್ದು ಇದೇ ಕಾಕಾ, ಇದೇ ಲಾರಿ. ಒಂದು ಮಂಚ, ಒಂದು ಕಪಾಟು, ನಾಲ್ಕು ಚೀಲ ಪುಸ್ತಕ. ಎಲ್ಲ ಇಳಿಸಿದ ಮೇಲೆ ಅವರು ಸೊಂಟದ ಮೇಲೆ ಕೈಯಿಟ್ಟು ಕೇಳಿದರು: "ಅಕ್ಕಾರ, ಈ ಬುಕ್ಕಿನೊಳಗ ಏನ್ ತುಂಬೀರಿ? ಎಂಜಿನ್ ದಾರಿ ತುಂಬ ನರಳಿಕೋತ ಬಂತಲ್ರಿ." ಸಾಲಿ ಕಲಿಸುವ ಹೆಂಗಸು ನಮ್ಮ ಕಡೆ ಎಲ್ಲರಿಗೂ ಅಕ್ಕಾರ. ಹೀಗೆ ನಾನು ಅಕ್ಕಾರ ಆದೆ, ಅವರು ಕಾಕಾ ಆದರು, ಅವರ ಹೆಂಡತಿ ಕಾಕೂ ಆದರು. ಎರಡು ಮನೆಗಳ ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಮೇಲೆ ದಾಟಿದ ಎಣಗಾಯಿ ಪಲ್ಯದ ಬಟ್ಟಲುಗಳಿಗೆ ಲೆಕ್ಕವಿಲ್ಲ.

ಕಾಕಾ ಲಾರಿ ಹತ್ತುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. "ಇದೇನು ಗುಡಿಯೇನ್ರಿ ಕಾಕಾ?" ಎಂದು ಒಮ್ಮೆ ಕೇಳಿದೆ. "ಗುಡಿ ಅಲ್ಲ, ದವಾಖಾನಿ," ಎಂದರು. "ಡಾಕ್ಟರ್ ಕೈಗವಸ ಹಾಕ್ಕೊಂಡು ನಾಡಿ ನೋಡತಾನೇನ್ರಿ? ನಾನೂ ಅಷ್ಟ. ಬರಿಗಾಲಿಂದ ನೋಡತೇನಿ." ಬಲಗಾಲಿನ ಅಂಗಾಲಿಗೆ ಅವರು ಕೊಡುತ್ತಿದ್ದ ಉಪಚಾರ ನೋಡಬೇಕಿತ್ತು. ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಎಡಗಾಲಿಗೆ ಹಚ್ಚುತ್ತಿರಲಿಲ್ಲ, ಅದು ಬರೇ ಕ್ಲಚ್ ತುಳಿಯುವ ಕಾಲು, ಅದಕ್ಕೆ ಬುದ್ಧಿ ಬೇಕಿಲ್ಲ ಎಂಬುದು ಅವರ ವಾದ.

ಇನ್ನು ಲಿಂಬೆಹಣ್ಣು. ಲಾರಿಯವರು ಗಾಲಿಯ ಕೆಳಗೆ ಲಿಂಬೆಹಣ್ಣು ಇಡುವುದು ಎಲ್ಲರಿಗೂ ಗೊತ್ತು. ಕಾಕಾ ಇಡುತ್ತಿದ್ದದ್ದು ಎಕ್ಸಿಲೇಟರಿನ ಕೆಳಗೆ. ಹೆಂಗಸರು ತಲೆಯ ಮೇಲೆ ಕೊಡ ಹೊರುವಾಗ ಬಟ್ಟೆಯ ಸಿಂಬಿ ಇಟ್ಟುಕೊಳ್ಳುತ್ತಾರಲ್ಲ, ಅಂಥದೇ ಅಂಗೈ ಅಗಲದ ಒಂದು ಸಿಂಬಿಯನ್ನು ಕಾಕೂ ಹಳೆಯ ಸೀರೆಯಲ್ಲಿ ಹೊಲಿದು ಕೊಟ್ಟಿದ್ದರು. ಆ ಸಿಂಬಿಯೊಳಗೆ ಲಿಂಬೆಹಣ್ಣು, ಅದರ ಮೇಲೆ ಪೆಡಲು. ಕಾಲು ಹದ ಮೀರಿ ಒತ್ತಿದರೆ ಹಣ್ಣು ತಡೆಯುತ್ತದೆ. ಇನ್ನೂ ಒತ್ತಿದರೆ ಒಡೆಯುತ್ತದೆ. ಬೆಳಿಗ್ಗೆ ಕಾಕೂ ಕೈಯಾರೆ ಕೊಟ್ಟ ಹಣ್ಣು ಸಂಜೆ ಒಡೆಯದೆ ಮನೆಗೆ ಬರಬೇಕು, ಅದೇ ಹಣ್ಣಿನಲ್ಲಿ ಕಾಕೂ ಶರಬತ್ತು ಮಾಡಬೇಕು, ಅದನ್ನು ಕಾಕಾ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕಾಣುವಂತೆ ಕುಡಿಯಬೇಕು. ಇದು ಅವರ ಮನೆಯ ಪದ್ಧತಿ. ಕಾಲಡಿಯ ಹಣ್ಣು ಎಂದು ನಾನು ಮೊದಲ ಸಲ ಮೂಗು ಮುರಿದಿದ್ದೆ. ಆಮೇಲೆ ಎಷ್ಟು ಲೋಟ ಕುಡಿದೆನೋ.

ಲಾರಿ ಕಾಕಾನದಲ್ಲ, ಊರಿನ ಒಬ್ಬ ಸಾವುಕಾರರದು. ಆದರೆ ಅವರೇ ಅದನ್ನು ಹತ್ತಬೇಕಾದರೂ ಒಮ್ಮೆ ಕಾಕಾನ ಮುಖ ನೋಡುತ್ತಿದ್ದರು. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್, ಅದೂ ತುಂಬಿದ ಗಾಡಿಗೆ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಯಾವ ಡ್ರೈವರನಿಗೂ ಅದು ದಕ್ಕಿರಲಿಲ್ಲ. ಅವರ ಮೂಗಿನದೂ ದೊಡ್ಡ ಹೆಸರು. ಬಂಕಿನಲ್ಲಿ ಎರಡು ಹನಿ ಡೀಸೆಲ್ ಬೆರಳಿಗೆ ಹಚ್ಚಿಕೊಂಡು, ತಿಕ್ಕಿ, ಮೂಸಿ, ಕಣ್ಣು ಮುಚ್ಚಿ, "ಹ್ಞಾಂ, ಚೊಲೋ ಐತಿ, ಹಾಕು" ಎಂದ ಮೇಲೆಯೇ ಟಾಕಿಯ ಮುಚ್ಚಳ ತೆಗೆಯುತ್ತಿದ್ದರು. ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ ಎಂದು ಬಂಕಿನವರು ನಗುತ್ತಿದ್ದರು.

ಹೊಸ ಡೀಸೆಲ್ ಬಂದದ್ದು ಎರಡು ಸಾವಿರದ ಐದಾರನೇ ಇಸವಿಯ ಹೊತ್ತಿಗೆ ಇರಬೇಕು. ಒಂದು ದಿನ ಮೂಸಿದ ಕಾಕಾ ಕಣ್ಣು ಮುಚ್ಚಿದವರು ತೆರೆಯಲೇ ಇಲ್ಲ. ಮತ್ತೊಮ್ಮೆ ಮೂಸಿದರು. ವಾಸನೆಯೇ ಇಲ್ಲ. ಬಂಕಿನವನು ಹೇಳಿದ: "ಕಾಕಾ, ಇದು ಹೊಸಾದು. ಇದರಾಗ ಗಂಧಕ ಕಡಿಮಿ ಮಾಡ್ಯಾರಂತ. ಹೊಗಿ ಕಡಿಮಿ ಆಗತೈತಂತ."

ಕಾಕಾ ಸೀದಾ ನಮ್ಮ ಮನೆಗೆ ಬಂದರು. ಅವರಿಗೆ ಗೊತ್ತಿದ್ದದ್ದು ಹುರುಕಿಗೆ ಹಚ್ಚುವ ಮುಲಾಮಿನ ಗಂಧಕ ಒಂದೇ. "ಅಲ್ರಿ ಅಕ್ಕಾರ, ಇಷ್ಟ ವರ್ಷ ನನ್ನ ಗಾಡಿ ಹುರುಕಿನ ಔಷಧ ಕುಡೀತಿತ್ತೇನು? ಕುಡದರ ಕುಡೀವಲ್ಲದ್ಯಾಕ! ಮೂವತ್ತು ವರ್ಷ ಅದಕ್ಕೊಂದು ಹುರುಕ ಆಗಿಲ್ಲ. ಈಗ ಯಾಕ ತಗದ್ರು?"

ಮಾತಿನಲ್ಲಿ ಹೇಳಿದರೆ ಆಗದು ಎಂದು ಶನಿವಾರ ಅವರನ್ನು ಶಾಲೆಯ ಪ್ರಯೋಗಶಾಲೆಗೆ ಕರೆದೆ. ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಗಿಲಲ್ಲಿ ಚಪ್ಪಲಿ ಬಿಟ್ಟು. ಚಮಚದಲ್ಲಿ ಚೂರು ಗಂಧಕ ಇಟ್ಟು ಸುಟ್ಟೆ. ನೀಲಿ ಉರಿ ಎದ್ದಿತು, ಉಸಿರು ಕಟ್ಟುವ ಹೊಗೆ ಎದ್ದಿತು. ಒದ್ದೆ ಮಾಡಿದ ನೀಲಿ ಲಿಟ್ಮಸ್ ಕಾಗದ ಅದರೊಳಗೆ ಹಿಡಿದೆ, ಕೆಂಪಾಯಿತು. "ನೋಡ್ರಿ ಕಾಕಾ, ಇದು ಆಮ್ಲ. ನಿಮ್ಮ ಎಂಜಿನ್ ಒಳಗೆ ದಿನಾ ಇದೇ ಆಗ್ತಿತ್ತು. ಎಂಜಿನ್ ಆಯಿಲ್ ಹುಳಿಯಾಗ್ತಿತ್ತು, ಕಬ್ಬಿಣ ಸವೀತಿತ್ತು. ಗಂಧಕ ಹೋದರೆ ನಿಮ್ಮ ಗಾಡಿಗೇ ಒಳ್ಳೇದು," ಎಂದೆ.

ಕಾಕಾ ಕೆಮ್ಮುತ್ತಲೇ ಆ ಹೊಗೆಯನ್ನು ಆಸೆಯಿಂದ ಎಳೆದುಕೊಂಡರು. "ಇದ! ಇದ ವಾಸನಿ! ಇದನ್ನ ತಗದಾರ ನೋಡ್ರಿ, ಕಳ್ಳರು!"

ಅಲ್ಲಿಗೇ ಬಿಟ್ಟಿದ್ದರೆ ನಾನು ಜಾಣೆ. ಕಲಿಸುವವರಿಗೆ ಒಂದು ರೋಗವಿದೆ, ಕೇಳುವವರು ಸಿಕ್ಕರೆ ಬಾಯಿ ನಿಲ್ಲುವುದಿಲ್ಲ. ಗಂಧಕ ತೆಗೆಯುವಾಗ ಅದರ ಜೊತೆ ಡೀಸೆಲ್ಲಿನ ಸ್ವಲ್ಪ ಜಾರುಗುಣವೂ ಹೋಗುತ್ತದೆ, ಪಂಪಿನ ಒಳಗೆ ಉಕ್ಕು ಉಕ್ಕಿಗೆ ತಿಕ್ಕದಂತೆ ನೋಡಿಕೊಳ್ಳುವುದು ಆ ಗುಣವೇ, ಅದಕ್ಕೆಂದು ತಯಾರಿಸುವವರು ಬೇರೆ ಏನೋ ಬೆರೆಸಿರುತ್ತಾರೆ, ಎವರೇಜಿನಲ್ಲಿ ಬಹಳವೆಂದರೆ ನೂರಕ್ಕೆ ಒಂದು ಪಾಲು ಕಡಿಮೆಯಾದೀತು ಎಂದು ಎಲ್ಲೋ ಓದಿದ್ದನ್ನೆಲ್ಲ ಹೇಳಿಬಿಟ್ಟೆ. ಕಾಕಾ ಹಿಡಿದುಕೊಂಡದ್ದು ಎರಡೇ ಮಾತು. ಎವರೇಜ್ ಕಡಿಮೆಯಾಗುತ್ತದೆ. ಜಿಡ್ಡು ಹೋಗಿದೆ.

ಎವರೇಜ್ ನಿಜಕ್ಕೂ ಇಳಿಯಿತು. ನೂರಕ್ಕೆ ಒಂದಲ್ಲ, ಹತ್ತಕ್ಕೆ ಒಂದರಷ್ಟು. ನಾಲ್ಕೂವರೆ ಇದ್ದದ್ದು ದೀಪಾವಳಿ ಕಳೆಯುವಷ್ಟರಲ್ಲಿ ನಾಲ್ಕಕ್ಕೆ ಬಂದು ಕೂತಿತು. ಕಾಕಾ ಸಿಕ್ಕಸಿಕ್ಕವರಿಗೆಲ್ಲ ಗಂಧಕದ ಕಥೆ ಹೇಳಿದರು. ಲಾರಿ ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳು ಬೀಡಿ ಹಚ್ಚುತ್ತ, "ಕುಣೀಲಿಕ್ಕೆ ಬರಲಾರದಾಕಿ ನೆಲಾ ಡೊಂಕ ಅಂದಳಂತ" ಎಂದು ಗಾಳಿಗೆ ಹೇಳುವಂತೆ ಹೇಳಿದರು. ಹಿರಿಯ ಸಾವುಕಾರರು ಅಷ್ಟರಲ್ಲಿ ತೀರಿಕೊಂಡು ಮಗ ವ್ಯವಹಾರ ನೋಡುತ್ತಿದ್ದ. ಈ ಸಣ್ಣ ಸಾವುಕಾರ ಕೆಟ್ಟವನಲ್ಲ. ಮನೆಗೇ ಬಂದು, ಚಹಾ ಕುಡಿದು, ಮೆತ್ತಗೆ ಹೇಳಿದ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಡೀಸೆಲ್ ಎಲ್ಲಾ ಗಾಡಿಗೂ ಒಂದ ಐತಿ. ಉಳಿದ ಗಾಡಿ ಇಷ್ಟ ಕುಡ್ಯಾಂಗಿಲ್ಲ. ನಿಮ್ಮ ಕಾಲಿಗೂ ವಯಸ್ಸಾತು. ಯುಗಾದಿ ತನಕ ನೋಡೂನು. ಎವರೇಜ್ ಬರಲಿಲ್ಲಂದ್ರ ಕೀಲಿಕೈ ಕೊಟ್ಟು ಮನ್ಯಾಗ ಆರಾಮ ಕುಂದರ್ರಿ."

ಆ 'ಆರಾಮ' ಎಂಬ ಮಾತು ಕಾಕಾನನ್ನು ಸುಟ್ಟಿತು. ಮುಂದಿನ ಹದಿನೈದು ದಿನ ಗೋಡೆಯ ಆಚೆಯಿಂದ ಅದೇ ಕೇಳಿಸಿತು: "ಆರಾಮ ಕುಂದರಬೇಕಂತ! ನಾ ಏನ ಕುಂದರಾಕ ಹುಟ್ಟೇನಿ? ಗಂಧಕ ತಗದಾವರು ಆರಾಮ ಕುಂತಾರ, ನಾ ಯಾಕ ಕುಂದರ್ಲಿ?" ಸ್ಟೇರಿಂಗ್ ಇಲ್ಲದ ಕಾಕಾನನ್ನು ನನ್ನಿಂದಲೂ ಕಲ್ಪಿಸಿಕೊಳ್ಳಲು ಆಗಲಿಲ್ಲ. ಊಟಕ್ಕೆ ಕೂತಾಗಲೂ ಅವರು ತಾಟನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿಯೇ ಶುರು ಮಾಡುತ್ತಿದ್ದರು.

ನನ್ನ ಪಾಠ ಫಲ ಕೊಟ್ಟದ್ದು ಆಗ. ಡೀಸೆಲ್ಲಿನ ಜಿಡ್ಡು ಹೋಗಿದೆ ಎಂದರೆ ಜಿಡ್ಡು ಹಾಕಬೇಕು. ಜಿಡ್ಡು ಎಂದರೆ ಎಣ್ಣೆ. ಎಣ್ಣೆ ಎಂದರೆ ಕಾಕೂ ಗಾಣದಿಂದ ತರಿಸಿ ಅಡುಗೆಮನೆಯಲ್ಲಿ ಇಟ್ಟಿದ್ದ ಕುಸುಬಿ ಎಣ್ಣೆ. ಮೊದಲ ದಿನ ಒಂದು ಸೌಟು ಟಾಕಿಗೆ ಬಿತ್ತು. ಎಂಜಿನ್ ದನಿ ಮೆತ್ತಗಾಯಿತು ಎಂದು ಕಾಕಾನಿಗೆ ಅನ್ನಿಸಿತು. ಮರುವಾರ ಒಂದು ತಂಬಿಗೆ. ಆಮೇಲೆ ತಂಬಿಗೆಯ ಮರ್ಯಾದೆಯೂ ಉಳಿಯಲಿಲ್ಲ, ಡಬ್ಬಿಯನ್ನೇ ಬಗ್ಗಿಸಿದರು. ಓಣಿಯಲ್ಲಿ ಭಜಿಯ ವಾಸನೆ ಶುರುವಾದದ್ದು ಹೀಗೆ. "ಮನ್ಯಾಗ ಒಗ್ಗರಣಿಗೆ ಎಣ್ಣಿ ಇಲ್ಲ, ಲಾರಿಗೆ ದಿನಾ ಹಬ್ಬ!" ಎಂದು ಕಾಕೂ ಗೋಡೆಯ ಮೇಲಿಂದ ನನ್ನ ಬಳಿ ಅರ್ಧ ಬಟ್ಟಲು ಎಣ್ಣೆ ಕೇಳಿ ಒಯ್ಯುತ್ತಿದ್ದರು. ತಪ್ಪು ನನ್ನದು ಎಂದು ಅವರಿಗೆ ನಾನು ಹೇಳಲಿಲ್ಲ. ಎಣ್ಣೆ ಮಾತ್ರ ತುಂಬ ಧಾರಾಳವಾಗಿ ಕೊಟ್ಟೆ.

ಮುನವಳ್ಳಿಯ ಸಂತೆಯ ದಿನ ಆಗಬೇಕಾದದ್ದು ಆಯಿತು. ಸಂತೆಯ ನಟ್ಟನಡುವೆ ಲಾರಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ನಿಂತದ್ದಾದರೂ ಎಲ್ಲಿ? ಒಂದು ಭಜಿ ಅಂಗಡಿಯ ಎದುರು. ನಾನು ಅಲ್ಲಿರಲಿಲ್ಲ; ಕಾಕಾ ಇದನ್ನು ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾರೆಂದರೆ ಈಗ ನಾನೇ ಅಲ್ಲಿದ್ದಂತೆ ಅನ್ನಿಸುತ್ತದೆ. ಹಸಿದವರು ವಾಸನೆ ಹಿಡಿದು ಬಂದು ಲಾರಿಯ ಸುತ್ತ ನಿಂತರಂತೆ. ಅಂಗಡಿಯವನು ಭಜಿ ತೆಗೆಯುವ ಝಾರಿ ಹಿಡಿದು ಓಡಿ ಬಂದು, "ಯಜಮಾನ್ರ, ಗಿರಾಕಿ ಎಲ್ಲಾ ನಿಮ್ಮ ಸೈಲೆನ್ಸರ್ ಕಡೆ ಹೊಂಟಾರ, ಗಾಡಿ ಮುಂದ ತಗೋರಿ" ಎಂದನಂತೆ. ಮುಂದೆ ಹೋಗುವುದಾಗಿದ್ದರೆ ನಿಲ್ಲುತ್ತಿತ್ತೇ? ಕಡೆಗೆ ಹತ್ತು ಜನ ನೂಕಿ ಪಕ್ಕಕ್ಕೆ ನಿಲ್ಲಿಸಿದರು, ಮತ್ತು ನೂಕಿದ ಹತ್ತೂ ಜನಕ್ಕೆ ಕಾಕಾ ಭಜಿ ಕೊಡಿಸಬೇಕಾಯಿತು.

ಸವದತ್ತಿಯಿಂದ ಡೀಸೆಲ್ ಪಂಪಿನ ಮೇಸ್ತ್ರಿ ಬಂದ. ಫಿಲ್ಟರ್ ಬಿಚ್ಚಿದರೆ ಒಳಗೆ ಗೋಂದಿನಂಥ ಮೇಣ. ಅವನು ಅದನ್ನು ಬೆರಳಿನಿಂದ ತೆಗೆದು ನೋಡಿ ಬಹಳ ಗಂಭೀರವಾಗಿ ಕೇಳಿದ: "ಕಾಕಾ, ಇದರಾಗ ಚಕ್ಕುಲಿ ಕರದೀರೋ, ಭಜೀನೋ?"

ಆದರೆ ಅದೇ ಮೇಸ್ತ್ರಿ ಪಂಪನ್ನೂ ಬಿಚ್ಚಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. "ಈ ರಬ್ಬರ್ ಸೀಲ್ ನೋಡ್ರಿ. ಹಳೇ ಡೀಸೆಲ್ಲಿಗೆ ಉಬ್ಬಿ ಗಟ್ಟಿ ಕುಂತಿದ್ವು. ಹೊಸಾದು ಬಂದ ಮ್ಯಾಲೆ ಸೊರಗ್ಯಾವ. ಸಂದಿ ಬಿಟ್ಟು ಹನಿ ಹನಿ ಸೋರಾಕ ಹತ್ತೇತಿ. ಹಳೇ ಗಾಡಿ ಭಾಳ ಮಂದೀದು ಹಿಂಗ ಆಗೇತ್ರಿ."

ಕಾಕಾ ಸಂತೆಯಲ್ಲೇ ಎರಡು ಹೆಜ್ಜೆ ಕುಣಿದರಂತೆ. "ಕೇಳ್ರ್ಯೋ! ಡೀಸೆಲ್ಲಿಂದ ತಪ್ಪು! ನನ್ನ ಕಾಲಿಂದಲ್ಲ!" ಹೊಸ ಸೀಲ್ ಕೂತವು. ಕುಸುಬಿ ಎಣ್ಣೆ ಹಾಕುವುದು ನಿಂತಿತು, ನಾಯಿಗಳು ನಿರಾಶೆಯಿಂದ ಬೇರೆ ದಾರಿ ಹಿಡಿದವು. ಎವರೇಜ್ ನಾಲ್ಕೂಕಾಲಿಗೆ ಏರಿತು. ಅಲ್ಲಿಗೇ ನಿಂತಿತು. ಇನ್ನೂ ಕಾಲು ಕಿಲೋಮೀಟರ್ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಯುಗಾದಿಗೆ ಹದಿನೈದು ದಿನ ಉಳಿದಿತ್ತು.

ಒಂದು ಮಧ್ಯಾಹ್ನ ಕಾಕೂ ಗೋಡೆಯ ಹತ್ತಿರ ಬಂದು ನಿಂತರು. ಕೈಯಲ್ಲಿ ಬಟ್ಟಲು ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಲಿಂಬೆಹಣ್ಣು ತೋರಿಸಿದರು. ಗೋಲಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ.

"ಅಕ್ಕಾರ, ನೀವು ಶಾಣ್ಯಾರು, ಹೇಳ್ರಿ. ಇಷ್ಟ ಸಣ್ಣ ಲಿಂಬಿ ಇಟ್ರ ಡೀಸೆಲ್ ಜಾಸ್ತಿ ಕುಡಿತೈತೇನ್ರಿ ಗಾಡಿ?"

ವಿಷಯ ಹೀಗಿತ್ತು. ದಸರೆಯ ಹೊತ್ತಿಗೆ ಎರಡು ಸಲ ಹಣ್ಣು ಒಡೆದು ಬಂದಿತ್ತು. ಎರಡೂ ಸಂಜೆ ಕಾಕಾ ಶರಬತ್ತು ಕುಡಿಯಲಿಲ್ಲ, ಊಟವನ್ನೂ ಮಾಡಲಿಲ್ಲ, ಬಲಗಾಲನ್ನು ಮುಂದೆ ಚಾಚಿಕೊಂಡು ಅದನ್ನೇ ನೋಡುತ್ತ ಕೂತಿದ್ದರು. ಕಾಕೂಗೆ ಅದನ್ನು ನೋಡಲಾಗಲಿಲ್ಲ. ಅಂದಿನಿಂದ ಸಂತೆಯಲ್ಲಿ ಆರಿಸಿ ಆರಿಸಿ ಸಣ್ಣ, ಗಟ್ಟಿ ಹಣ್ಣು ತರತೊಡಗಿದರು. ಸಣ್ಣ ಹಣ್ಣು ಒಡೆಯಲಿಲ್ಲ. ಕಾಕಾ ದಿನಾ ಶರಬತ್ತು ಕುಡಿದರು. ಆದರೆ ಹಣ್ಣು ಸಣ್ಣದಾದಷ್ಟೂ ಪೆಡಲು ಕೆಳಗೆ ಹೋಗುತ್ತದೆ, ತಡೆ ತಡವಾಗಿ ಸಿಗುತ್ತದೆ, ಎಂಜಿನ್ ಹೆಚ್ಚು ಕುಡಿಯುತ್ತದೆ. ಹೊಸ ಡೀಸೆಲ್ ಬಂದದ್ದೂ ಸಣ್ಣ ಲಿಂಬೆ ಬಂದದ್ದೂ ಒಂದೇ ಕಾಲಕ್ಕೆ. ಬೈಗಳೆಲ್ಲ ಹೋಗಿ ಬಿದ್ದದ್ದು ಗಂಧಕದ ಮೇಲೆ.

ನಾನು ಗೋಡೆ ಹಿಡಿದುಕೊಂಡು ನಕ್ಕೆ. ಕಾಕೂ ಅಳುವುದಕ್ಕೆ ಹತ್ತಿದರು. "ಅವರಿಗೆ ಹೇಳಬ್ಯಾಡ್ರಿ. ನಿಮ್ಮ ಕಾಲು ಭಾರ ಆಗ್ಯಾವ ಅಂತ ನಾನೂ ಅಂದಂಗ ಆಗತೈತಿ." ಹೇಳುವುದಿಲ್ಲ ಎಂದು ಆಣೆ ಮಾಡಿದೆ.

ಮರುದಿನ ಸಣ್ಣ ಸಾವುಕಾರನ ಮುಂದೆ ಹೋಗಿ ಶಾಸ್ತ್ರೋಕ್ತ ಪರೀಕ್ಷೆ ಆಗಲಿ ಎಂದೆ. ಬೈಲಹೊಂಗಲದ ಬಂಕಿನಲ್ಲಿ ಟಾಕಿಯನ್ನು ಕಂಠಮಟ ತುಂಬುವುದು, ಹಿಂಡಿ ಚೀಲ ಹೇರಿಕೊಂಡು ರಾಮದುರ್ಗಕ್ಕೆ ಹೋಗಿ, ಅಲ್ಲಿ ಇಳಿಸಿ, ಜೋಳ ಹೇರಿಕೊಂಡು ಬರುವುದು, ಅದೇ ಬಂಕಿನಲ್ಲಿ ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ ಮತ್ತೆ ಕಂಠಮಟ ತುಂಬುವುದು. ಎಷ್ಟು ಹಿಡಿಸುತ್ತದೋ ಅಷ್ಟು ಕುಡಿದಂತೆ. ಸಾಕ್ಷಿಗೆ ನಾನು ಜೊತೆಗೆ ಹೋಗುತ್ತೇನೆ. ನಾನೊಬ್ಬಳೇ ಹೆಂಗಸು ಲಾರಿಯಲ್ಲಿ ಹೇಗೆ ಹೋಗಲಿ, ಕಾಕೂ ಬರಬೇಕು ಎಂದೆ. ಮೂವತ್ತು ವರ್ಷದಲ್ಲಿ ಕಾಕೂ ಒಮ್ಮೆಯೂ ಆ ಲಾರಿ ಹತ್ತಿರಲಿಲ್ಲ. ಹೆಂಡತಿಯನ್ನು ಕೂಡಿಸಿಕೊಂಡರೆ ಎವರೇಜ್ ಕಡಿಮೆಯಾಗುತ್ತದೆ ಎಂದು ಕಾಕಾ ಮದುವೆಯಾದ ವರ್ಷವೇ ಹೇಳಿದ್ದರಂತೆ.

ಆ ಬೆಳಿಗ್ಗೆ ನಮ್ಮ ಹಿತ್ತಿಲಿನ ಗಿಡದಿಂದ ಮುಷ್ಟಿ ಗಾತ್ರದ ಒಂದು ಹಣ್ಣು ಕಿತ್ತು ಕಾಕೂ ಕೈಗೆ ಕೊಟ್ಟೆ. ಅವರು ಅದನ್ನು ಸಿಂಬಿಯಲ್ಲಿಟ್ಟು, ಲಾರಿಯ ಮೂತಿಗೆ ವಿಭೂತಿ ಹಚ್ಚಿ, ಹೊಸ ಇಳಕಲ್ ಸೀರೆಯ ನಿರಿ ಹಿಡಿದುಕೊಂಡು, ನನ್ನನ್ನೂ ಕಾಕಾನನ್ನೂ ಬೈಯುತ್ತ ಹತ್ತಿದರು. ನಾನು ನಡುವೆ ಎಂಜಿನ್ ಪೆಟ್ಟಿಗೆಯ ಮೇಲೆ, ಕೌದಿ ಮಡಚಿ ಹಾಕಿಕೊಂಡು ಕೂತೆ. ಕೌದಿ ಇದ್ದೂ ರಾಮದುರ್ಗ ಮುಟ್ಟುವಷ್ಟರಲ್ಲಿ ನಾನು ಅರ್ಧ ಬೆಂದಿದ್ದೆ.

ಎಂಥ ಪಯಣವಾಗಿತ್ತು ಅದು! ಮುನವಳ್ಳಿಯ ಹತ್ತಿರ ಆಣೆಕಟ್ಟಿನ ನೀರು ಕಂಡಾಗ ಕಾಕೂ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, "ಅಯ್ಯ, ಇಷ್ಟ ನೀರ! ನೀವು ದಿನಾ ಇದನ್ನ ನೋಡತಿದ್ರೇನು? ಒಂದ ದಿನಾರ ಹೇಳೀರಿ?" ಎಂದರು. "ನಾ ರಸ್ತೆ ನೋಡತೇನಿ, ನೀರ ನೋಡಾಂಗಿಲ್ಲ," ಎಂದರು ಕಾಕಾ. ಅಲ್ಲಿಂದ ಮುಂದೆ ಒಂದು ಬಸ್ಸು ಭೋಂ ಎಂದು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. ಕಾಕಾನ ದವಡೆ ಬಿಗಿಯಿತು, ಮೊಣಕಾಲು ಅಲುಗಿತು. ನನ್ನ ಕಣ್ಣು ಪೆಡಲಿನ ಮೇಲೆ. ಅಷ್ಟರಲ್ಲಿ ಕಾಕೂ, "ಹೋಗ್ಲಿ ಬಿಡ್ರಿ, ಅವರಿಗೆ ಅವಸರ ಐತಿ. ನಮಗೇನೈತಿ?" ಎಂದರು. ಮೊಣಕಾಲು ಸುಮ್ಮನಾಯಿತು. ಸವದತ್ತಿಯ ಏರಿನಲ್ಲಿ ಎಲ್ಲಮ್ಮನ ಗುಡ್ಡದ ಕಡೆ ತಿರುಗಿ ಕಾಕೂ ಕೈಮುಗಿದದ್ದು ದೇವಿಗೋ ಎವರೇಜಿಗೋ ನನಗೆ ಗೊತ್ತಿಲ್ಲ. ರಾಮದುರ್ಗದಲ್ಲಿ ಚೀಲ ಇಳಿಸುವಾಗ ಬೇವಿನ ನೆರಳಲ್ಲಿ ಮೂವರೂ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಗಂಡ ಹೆಂಡತಿ ಇಬ್ಬರೂ ಮದುವೆಗೆ ಹೋಗಿ ಬಂದವರ ಹಾಗೆ ಕಾರಣವಿಲ್ಲದೆ ನಗುತ್ತಿದ್ದರು.

ಸಂಜೆ ಬಂಕಿನಲ್ಲಿ ಅರ್ಧ ಲಾರಿ ಸ್ಟ್ಯಾಂಡು ನೆರೆದಿತ್ತು. ಡೀಸೆಲ್ ಟಾಕಿಗೆ ಇಳಿಯುತ್ತಿದ್ದಂತೆ ಕಾಕಾ ಮೀಟರಿನ ಕಡೆ ನೋಡಲಿಲ್ಲ, ಬೆನ್ನು ತಿರುಗಿಸಿ ನಿಂತರು. ಸಣ್ಣ ಸಾವುಕಾರ ಲೆಕ್ಕ ಹಾಕಿದ, ತಲೆ ಕೆರೆದುಕೊಂಡ, ಮತ್ತೊಮ್ಮೆ ಹಾಕಿದ. ನಾಲ್ಕೂವರೆಗೆ ಒಂದು ಕೂದಲೆಳೆ ಕಡಿಮೆ. ಆ ಕೂದಲೆಳೆ ಗಂಧಕದ್ದು ಎಂದು ನಾನು ಘೋಷಿಸಿದೆ. ಬೀಡಿ ಹಚ್ಚಿದ್ದ ಡ್ರೈವರುಗಳು ಕೂಗು ಹಾಕಿದರು. ಕಾಕಾ ಕ್ಯಾಬಿನ್ನಿನೊಳಗೆ ಕೈ ಹಾಕಿ ಸಿಂಬಿಯ ಸಮೇತ ಹಣ್ಣು ತೆಗೆದು ಎತ್ತಿ ತೋರಿಸಿದರು. ಎಲ್ಲೂ ಒಡೆದಿರಲಿಲ್ಲ.

ಕೀಲಿಕೈ ಕಾಕಾನ ಹತ್ತಿರವೇ ಉಳಿಯಿತು. ವಿಜ್ಞಾನದ ಪ್ರಕಾರ ಆ ಪರೀಕ್ಷೆಗೆ ನಾನು ಸೊನ್ನೆ ಕೊಡಬೇಕು. ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ ನೋಡಿ ಎಂದು ವರ್ಷವಿಡೀ ಮಕ್ಕಳಿಗೆ ಹೇಳುವವಳು ನಾನು. ಇಲ್ಲಿ ಲಿಂಬೆಹಣ್ಣನ್ನೂ ಬದಲಿಸಿದೆ, ಹೆಂಡತಿಯನ್ನೂ ತಂದು ಪಕ್ಕಕ್ಕೆ ಕೂಡಿಸಿದೆ. ಅಂದಿನಿಂದ ನಮ್ಮ ಗಿಡದ ಹಣ್ಣುಗಳು ದಿನಕ್ಕೊಂದರಂತೆ ಗೋಡೆ ದಾಟಿದವು. ತಿಂಗಳಿಗೊಮ್ಮೆ ಕಾಕೂ ಕೂಡ ಲಾರಿ ಹತ್ತಿದರು.

ಮುಂದಿನ ವರ್ಷ ಎಂಜಿನ್ ಬಿಚ್ಚುವ ಕೆಲಸ ಬಂತು. ಒಳಗೆ ಎಂದಿನಷ್ಟು ಸವೆತವಿಲ್ಲ, ಮಸಿಯಿಲ್ಲ, ಆಯಿಲ್ ಕೂಡ ಇನ್ನೂ ಬಣ್ಣ ಉಳಿಸಿಕೊಂಡಿದೆ ಎಂದು ಮೇಸ್ತ್ರಿ ಬೆರಗಾದ. ಕಾಕಾ ಒಳಗೆ ಬಗ್ಗಿ ಬಹಳ ಹೊತ್ತು ನೋಡಿ, ನನಗೊಬ್ಬಳಿಗೇ ಕೇಳುವಂತೆ, "ಗಂಧಕ ಹೋಗಿದ್ದು ಚೊಲೋನ ಆತೇನೋ ಅಕ್ಕಾರ. ಸ್ಟ್ಯಾಂಡಿನ್ಯಾಗ ಹೇಳಬ್ಯಾಡ್ರಿ," ಎಂದರು.

ಅದಾದ ಕೆಲವು ತಿಂಗಳಿಗೆ, ಯಾರೂ ಕೇಳದೆ, ಅವರೇ ಹೋಗಿ ಕೀಲಿಕೈ ಕೊಟ್ಟು ಬಂದರು. ಎವರೇಜ್ ಸರಿಯಾಗಿಯೇ ಇತ್ತು. ಸಣ್ಣ ಸಾವುಕಾರ ಕಕ್ಕಾಬಿಕ್ಕಿಯಾಗಿ ನನ್ನ ಹತ್ತಿರ ಓಡಿಬಂದ. ಮರುದಿನ ಬೆಳಿಗ್ಗೆ ಕಾಕಾ ಕಟ್ಟೆಯ ಮೇಲೆ, ಕಾಲಿಗೆ ಚಪ್ಪಲಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತು ಯಾಕೆ ಎಂದೆ.

"ನಿನ್ನೆ ಗಾಡಿ ಹತ್ತಿದೆ, ಕಾಲು ಇಟ್ಟೆ. ಲಿಂಬಿ ಸಣ್ಣದು ಐತೋ ದೊಡ್ಡದು ಐತೋ ಕಾಲಿಗೆ ತಿಳೀಲಿಲ್ರಿ. ಜೋಮ ಹಿಡದೈತಿ ಅಂಗಾಲು. ನಾಡಿ ತಿಳೀಲಾರದಾಂವ ಡಾಕ್ಟರಕಿ ಮಾಡಬಾರದು."

ಆಗ ನನಗೆ ಹೊಳೆಯಿತು. "ಹಾಗಾದರೆ ಮೊದಲು ತಿಳೀತಿತ್ತೇನು?"

ಕಾಕಾ ಒಳಗೆ ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದರು. "ಆ ವರ್ಷ ಆಕಿ ಸಣ್ಣವು ಇಡಾಕ ಹತ್ತಿದ್ದು ಮೊದಲನೇ ದಿವಸನ ತಿಳೀತ್ರಿ. ಮೂವತ್ತು ವರ್ಷದ ಕಾಲು. ಖರೆ ಹೇಳತೇನಿ, ಭಾರ ಆಗಿತ್ತು ಕಾಲು. ಒಡದ ಲಿಂಬಿ ನೋಡಿದ್ರ ಆಕಿ ಮಾರಿ ಬಾಡತಿತ್ತು. ಅದಕ್ಕ ಗಪ್ಪ ಆದೆ. ನಿಮ್ಮ ಗಿಡದ ಲಿಂಬಿ ಇಟ್ಟ ದಿವಸಾನೂ ತಿಳೀತು. ಆಕಿ ಬಾಜೂಕ ಕುಂತಿದ್ದಳು, ಅವತ್ತ ಹೆಂಗ ಒಡೀಲಿ?"

"ಮತ್ತೆ ಊರೆಲ್ಲಾ ಗಂಧಕಕ್ಕೆ ಬೈದುಕೊಂಡು ತಿರುಗಿದ್ರಲ್ಲ ಕಾಕಾ!"

"ಯಾರಿಗಾರ ಬೈಬೇಕಲ್ರಿ. ಆಕಿ ಹೆಸರು ಬರಬಾರದು. ಗಂಧಕಕ್ಕೇನು, ಹೆಂಡ್ರಿಲ್ಲ ಮಕ್ಕಳಿಲ್ಲ. ಬೈದ್ರ ಯಾರಿಗೂ ನೋವಾಗೂದಿಲ್ಲ. ಆಕಿಗೆ ಹೇಳಬ್ಯಾಡ್ರಿ ಮತ್ತ."

ಮತ್ತೊಂದು ಆಣೆ ಮಾಡಿದೆ. ಒಂದೇ ಗುಟ್ಟನ್ನು ಗೋಡೆಯ ಆ ಕಡೆಯವರಿಬ್ಬರೂ ನನ್ನ ಹೊಟ್ಟೆಯಲ್ಲಿ ಇಟ್ಟಿದ್ದರು. ಎರಡು ವರ್ಷ ಅದನ್ನು ಹೊತ್ತುಕೊಂಡು ಅವರಿಬ್ಬರ ನಡುವೆ ಕೂತು ಶರಬತ್ತು ಕುಡಿದೆ. ಎಷ್ಟೋ ಸಲ ನಗು ತಡೆಯಲಾಗದೆ ಮೂಗಿನಿಂದ ಬಂದಿದೆ. ಗಂಧಕದ ಸುದ್ದಿ ತೆಗೆದು ಕಾಕಾ ಬೈಯುವರು, ಕಾಕೂ ಹೌದೌದೆಂದು ಜೋರಾಗಿ ತಲೆಯಾಡಿಸುವರು.

ಕಾಕಾ ತೀರಿಕೊಂಡು ಒಂದು ತಿಂಗಳಾದ ಮೇಲೆ ಕಾಕೂ ಜೊತೆ ಸಂತೆಗೆ ಹೋಗಿದ್ದೆ. ಲಿಂಬೆಹಣ್ಣಿನವಳ ಮುಂದೆ ಕೂತ ಕಾಕೂ ಕೈ ತಾನಾಗಿಯೇ ಸಣ್ಣ, ಗಟ್ಟಿ ಹಣ್ಣುಗಳನ್ನು ಆರಿಸತೊಡಗಿತು. ಒಂದು, ಎರಡು, ಮೂರು. ಆಮೇಲೆ ಕೈ ನಿಂತಿತು. ನನಗೆ ತಡೆಯಲಾಗಲಿಲ್ಲ. ಆಣೆ ಮುರಿದು, ಅಲ್ಲೇ ಸಂತೆಯ ಗದ್ದಲದಲ್ಲಿ ಹೇಳಿಬಿಟ್ಟೆ: "ಕಾಕೂ, ಅವರಿಗೆ ಗೊತ್ತಿತ್ತು. ಮೊದಲನೇ ದಿನದಿಂದ ಗೊತ್ತಿತ್ತು."

ಕಾಕೂ ನನ್ನ ಮುಖ ನೋಡಿದರು. ಕಣ್ಣು ತುಂಬಿಕೊಂಡಿತು. ನಾನು ಭುಜ ಹಿಡಿದುಕೊಳ್ಳಲು ಹೋದೆ. ಅಷ್ಟರಲ್ಲಿ ಅವರಿಗೆ ಏನೋ ನೆನಪಾಗಿ ಹಣ್ಣಿನ ಬುಟ್ಟಿಯ ಮುಂದಿನಿಂದ ಎದ್ದು ನಿಂತುಬಿಟ್ಟರು.

"ಗೊತ್ತಿತ್ತಂದ್ರ ನನ್ನ ಎರಡು ಡಬ್ಬಿ ಕುಸುಬಿ ಎಣ್ಣಿ ಯಾಕ ಸುರುವಿದ್ರು ಆ ಪುಣ್ಯಾತ್ಮ?"

ಸೊಂಟದ ಮೇಲೆ ಕೈಯಿಟ್ಟು, ಮೇಲೆ ನೋಡಿ ಕೇಳಿದರು. ಆಮೇಲೆ ನಗುವುದಕ್ಕೆ ಹತ್ತಿದರು. ನಾನೂ ನಕ್ಕೆ. ಲಿಂಬೆಹಣ್ಣಿನವಳು, ಏನೂ ತಿಳಿಯದೆ, ನಮ್ಮ ಜೊತೆ ನಕ್ಕಳು. ಕಾಕೂ ಸೆರಗಿನಿಂದ ಕಣ್ಣು ಒರೆಸಿಕೊಂಡು, ಆರಿಸಿದ ಸಣ್ಣ ಹಣ್ಣುಗಳನ್ನು ಮರಳಿ ಬುಟ್ಟಿಗೆ ಹಾಕಿ, ಅದರಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಹಣ್ಣು ತೆಗೆದುಕೊಂಡರು.